ಕಮಲಾಕ್ಷಮ್ಮನ ಬೋಣಿ

2025, ಫೆಬ್ರವರಿ 19. ಬೆಳಿಗ್ಗೆ 11 ಗಂಟೆ 20 ನಿಮಿಷ.

ಬೂವನಹಳ್ಳಿಯ ಹೊರಗೆ ಒಂದು ತಗಡಿನ ಗೋಡೌನ್. ಬಾಗಿಲಿಗೆ ಹೊರಗಿನಿಂದ ಚಿಲಕ. ಒಳಗೆ ನಾನು. ನನ್ನ ಜೊತೆ ಐದು ಲೀಟರಿನ ಒಂದು ಕುಕ್ಕರ್.

ಉರಿಯುವ ಒಲೆಯ ಮೇಲೆ!

ವಿಶಲ್ ಕೂರುವ ನಳಿಗೆಗೆ, ಈ ಕುಕ್ಕರ್ ಮಾರುವ ಸುದರ್ಶನ್ ತನ್ನ ಕೈಯಾರೆ ಅಂಟು ಮೆತ್ತಿದ್ದ. ಪ್ಲಂಬರ್‌ಗಳು ಪೈಪಿಗೆ ಹಚ್ಚುವ ಗಟ್ಟಿ ಅಂಟು. ಆಮೇಲೆ ಒಲೆಯ ನಾಬ್ ಕಿತ್ತು ಜೇಬಿಗೆ ಹಾಕಿಕೊಂಡ. ಎಲ್ಲವನ್ನೂ ನಗುತ್ತಲೇ ಮಾಡಿದ.

"ದೀಪಶ್ರೀ ಮೇಡಂ, ನೀವು ಎಂ.ಎಸ್ಸಿ. ಫಿಸಿಕ್ಸ್ ಅಲ್ವಾ? ಟೆಸ್ಟ್ ಮಾಡೋಕೆ ತಾನೆ ಕದ್ದು ಬಂದಿದ್ದು? ಆರಾಮಾಗಿ ಮಾಡಿ."

"ಇದು ಕೊಲೆ, ಸುದರ್ಶನ್."

"ಛೇ ಛೇ... ಆಕ್ಸಿಡೆಂಟು. ಎಲ್ಲರ ಅಡುಗೆಮನೇಲೂ ಆಗ್ತಿರುತ್ತೆ. ಬರ್ಲಾ? ಬಾಗೂರಲ್ಲಿ ಸಂತೆ ಇದೆ, ಗಿರಾಕಿ ಕಾಯ್ತಿರ್ತಾರೆ."

ಅವನ ಕಾರಿನ ಸದ್ದು ದೂರವಾಯಿತು. ಬಾಗಿಲ ಹೊರಗೆ ಕೆಂಪು ಟೀ ಶರ್ಟಿನ ಒಬ್ಬ ದಾಂಡಿಗ ಉಳಿದ. ಸಿಡಿಯುವ ಸದ್ದು ಕೇಳಿಸಿಕೊಂಡು ಹೋಗುವುದಷ್ಟೇ ಅವನ ಕೆಲಸ.

ಕುಕ್ಕರ್ ಗುನುಗುತ್ತಿತ್ತು. ಮುಚ್ಚಳದ ಅಂಚಿನಲ್ಲಿ ಒಂದು ಹನಿ ನೀರು ಕುದಿದು ಮಾಯವಾಯಿತು.

ನೀವೂ ನೋಡಿರುತ್ತೀರಿ. ಮುಚ್ಚಳದ ಮೇಲೆ ವಿಶಲ್ ಪಕ್ಕದಲ್ಲಿ ಒಂದು ಪುಟ್ಟ ಗುಂಡಿ ಇರುತ್ತದೆ. ಸೇಫ್ಟಿ ವಾಲ್ವ್. ಅದರೊಳಗೆ ಬೇಗ ಕರಗುವ ಲೋಹ. ವಿಶಲ್ ಕಟ್ಟಿಕೊಂಡರೆ ಒಳಗಿನ ಶಾಖಕ್ಕೆ ಆ ಲೋಹ ಕರಗಿ ಹಬೆಗೆ ದಾರಿ ಬಿಡಬೇಕು. ಈ ಕುಕ್ಕರಿನ ಗುಂಡಿ ಕರಗುತ್ತದೋ ಇಲ್ಲವೋ? ಅದನ್ನು ತಿಳಿಯಲೆಂದೇ ನಾನು ಅವನ ಗೋಡೌನಿಗೆ ನುಗ್ಗಿ ಸಿಕ್ಕಿಬಿದ್ದದ್ದು.

ಉತ್ತರ ಇಷ್ಟು ಹತ್ತಿರದಿಂದ ಬೇಕಿರಲಿಲ್ಲ!

ಹೊಸ ಕುಕ್ಕರ್‌ಗಳ ರಟ್ಟಿನ ಪೆಟ್ಟಿಗೆಗಳ ಹಿಂದೆ ಕುಳಿತೆ. ಆಗ ಮತ್ತೆ ಆ ದನಿ ಕೇಳಿಸಿತು. ಹೊರಗೆಲ್ಲೂ ಅಲ್ಲ... ತಲೆಯೊಳಗೆ.

*"ಚೆನ್ನಾಗೈತೆ... ನೀವೂ ತಗೊಳ್ರವ್ವಾ."*

* * *

ನಾನು ಮೊದಲು ಮಾರ್ಕೆಟ್ ರಿಸರ್ಚ್ ಕಂಪನಿಯಲ್ಲಿದ್ದೆ. ಮನೆಮನೆಗೆ ಹೋಗಿ "ಇದನ್ನೇ ಯಾಕೆ ಕೊಂಡಿರಿ?" ಎಂದು ಕೇಳುವ ಕೆಲಸ. ಎಲ್ಲರೂ ಮೊದಲು "ಕ್ವಾಲಿಟಿ" ಎನ್ನುತ್ತಿದ್ದರು. ಎದ್ದು ಬರದೆ ಕಾಫಿ ಮುಗಿಯುವ ತನಕ ಕೂತರೆ ನಿಜ ಹೊರಬರುತ್ತಿತ್ತು. ಪಕ್ಕದ ಮನೆಯವರು ತಗೊಂಡಿದ್ದರು... ಅಷ್ಟೇ. ಈಗ ನಕಲಿ ಮಾಲು ಹಿಡಿಯುವುದು ನನ್ನ ಕಸುಬು. ಹಾಸನದ ಬಸ್ ಸ್ಟ್ಯಾಂಡ್ ಹಿಂದೆ ಒಂದು ಕೋಣೆ. ಒಂದು ತಕ್ಕಡಿ, ಒಂದು ಥರ್ಮಾಮೀಟರ್, ಎರಡು ಕುರ್ಚಿ.

ಆ ಎರಡನೇ ಕುರ್ಚಿಯಲ್ಲಿ ಹೋದ ವಾರ ಸ್ನೇಹಲತಾ ಬಂದು ಕುಳಿತಳು. ಹಳ್ಳಿಮೈಸೂರಿನವಳು. ಹೊಳೆನರಸೀಪುರದ ಟೈಲರಿಂಗ್ ಅಂಗಡಿಯಲ್ಲಿ ಕೆಲಸ. ಬೆರಳ ತುದಿಯೆಲ್ಲ ಸೂಜಿಯ ಗುರುತು.

"ನಮ್ಮವ್ವ ಸತ್ತೋಗವ್ಳೆ, ಮೇಡಂ."

"ಅಯ್ಯೋ..."

"ಆದ್ರೆ ನೆನ್ನೆ ಅರಕಲಗೂಡಲ್ಲಿ ಕುಕ್ಕರ್ ಮಾರ್ತಿದ್ಲು."

ನಾನು ಪೆನ್ನು ಕೆಳಗಿಟ್ಟೆ.

ಅವಳ ತಾಯಿ ಕಮಲಾಕ್ಷಮ್ಮ. ಹಳ್ಳಿಮೈಸೂರಿನಲ್ಲಿ ಆಕೆಯ ಕೈಗುಣ ಹೆಸರುವಾಸಿ. ಹೊಸ ಅಂಗಡಿ ತೆರೆದರೆ ಆಕೆಯಿಂದಲೇ ಬೋಣಿ. ಬಳೆ ಮಾರುವವನಿಂದ ಟಿ.ವಿ. ಮಾರುವವನ ತನಕ ಮೊದಲ ವ್ಯಾಪಾರಕ್ಕೆ ಆಕೆಯನ್ನೇ ಕರೆಯುತ್ತಿದ್ದರು. ಆಕೆ ಕೊಂಡರೆ ಬೀದಿಯೇ ಕೊಳ್ಳುತ್ತಿತ್ತು. ಆಕೆ ಮುಟ್ಟಿ ಮುಟ್ಟಿ ವಾಪಸ್ ಇಟ್ಟರೆ ಮಾರುವವನು ಗಂಟು ಕಟ್ಟುತ್ತಿದ್ದ.

ಸುದರ್ಶನ್ "ಹಳೇ ಕುಕ್ಕರ್ ಕೊಡಿ, ಹೊಸದು ತಗೊಳ್ಳಿ" ಎಂಬ ಆಫರ್ ಹೊತ್ತು ಆಟೋ ಸಮೇತ ಆ ಊರಿಗೆ ಬಂದ. ವಿಚಾರಿಸಿಕೊಂಡೇ ಬಂದಿದ್ದ. ನೇರ ಕಮಲಾಕ್ಷಮ್ಮನ ಬಾಗಿಲಿಗೆ ಹೋಗಿ ಬೋಣಿ ಮಾಡಿಸಿದ. ಆಕೆಯ ಬಾಯಿಗೆ ಮೈಕ್ ಹಿಡಿದು ರೆಕಾರ್ಡ್ ಮಾಡಿಕೊಂಡ. ಆ ತಿಂಗಳು ಮುಗಿಯುವ ಮೊದಲೇ ಹುರುಳಿಕಾಳಿನ ಸಿಪ್ಪೆಯೊಂದು ವಿಶಲಿನ ದಾರಿ ಕಟ್ಟಿತು. ಕುಕ್ಕರ್ ಸಿಡಿಯಿತು. ಕಮಲಾಕ್ಷಮ್ಮ ಒಲೆಯ ಮುಂದೆಯೇ ಇದ್ದರು.

"ನೀರು ಹಾಕ್ದೆ ಇಟ್ಟಿದ್ರು, ವಯಸ್ಸಾಗಿತ್ತು ಅಂತ ಊರ್ತುಂಬ ಯೋಳ್ಕೊಂಡು ಬಂದ. ಅವ್ವಂಗೆ ಐವತ್ನಾಕು ಕಣ್ ಮೇಡಂ!"

"ಪರಿಹಾರಕ್ಕೆ ಕೇಸ್ ಹಾಕೋಣ, ಸ್ನೇಹಲತಾ."

"ಅದು ಆಮ್ಯಾಕೆ." ಅವಳು ನನ್ನನ್ನು ನೆಟ್ಟಗೆ ನೋಡಿದಳು. "ಮೊದ್ಲು ನಮ್ಮವ್ವನ ಬಾಯಿ ಮುಚ್ಚಿಸಿ. ಅವ್ಳ ಮಾತು ನಂಬ್ಕೊಂಡು ಇನ್ನೊಬ್ರು ಸಾಯ್ಬಾರ್ದು. ಅಷ್ಟೇ ನಂಗೆ."

ಮರುದಿನ ಅರಕಲಗೂಡಿಗೆ ಹೋದೆ. ಬಸ್ ಸ್ಟ್ಯಾಂಡಿನ ಎದುರು ಹಳದಿ ಆಟೋ. ಮೇಲೆ ಸ್ಪೀಕರ್. ಸುತ್ತ ಹೆಂಗಸರು. ಸತ್ತವಳು ಮಧ್ಯಾಹ್ನದ ಬಿಸಿಲಲ್ಲಿ ಮಾತಾಡುತ್ತಿದ್ದಳು...

*"ನಾನು ಹಳ್ಳಿಮೈಸೂರು ಕಮಲಾಕ್ಷಮ್ಮ. ಕುಕ್ಕರ್ ಚೆನ್ನಾಗೈತೆ... ನೀವೂ ತಗೊಳ್ರವ್ವಾ."*

ಅಂಗಡಿಯ ಮಾತಲ್ಲ ಅದು. ಹಿತ್ತಿಲ ಬೇಲಿಯಾಚೆಯಿಂದ ಕೂಗಿ ಹೇಳಿದ ಹಾಗಿತ್ತು. ಹಿನ್ನೆಲೆಯಲ್ಲಿ ಒಂದು ಕೋಳಿ ಕೂಗುತ್ತಿತ್ತು. ನಾನು ಹಲವು ಸಲ ಕೇಳಿಸಿಕೊಂಡೆ. ಪ್ರತಿ ಸಲವೂ ಆ ಕೋಳಿ "ಚೆನ್ನಾಗೈತೆ" ಎಂಬ ಮಾತಿನ ಬಳಿ ಅರ್ಧಕ್ಕೇ ನಿಲ್ಲುತ್ತಿತ್ತು. ಯಾವ ಕೋಳಿಯೂ ಹಾಗೆ ಕೂಗುವುದಿಲ್ಲ.

ಯಾರೋ ನಡುವೆ ಕತ್ತರಿಸಿದ್ದರು.

ಸ್ನೇಹಲತಾಗೆ ಫೋನ್ ಮಾಡಿದೆ. ಬೋಣಿಯ ದಿನ ಅವಳು ಅಲ್ಲೇ ಇದ್ದಳು. ತಾಯಿ ನಿಜವಾಗಿ ಏನು ಹೇಳಿದ್ದರು ಎಂದು ಕೇಳಿದೆ. ಅವಳು ಹೇಳಿದಳು. ನನ್ನ ಕೈಯ ರೋಮ ನಿಮಿರಿತು... ಮಾತಿಗಲ್ಲ. ಫೋನಿನಲ್ಲಿ ಅವಳ ದನಿ ತಾಯಿಯದ್ದೇ ಆಗಿತ್ತು!

* * *

ಗುನುಗು ನಿಂತಿತು. ಕುಕ್ಕರ್ ಸುಮ್ಮನಾಯಿತು.

ಅದು ಒಳ್ಳೆಯ ಲಕ್ಷಣವಲ್ಲ. ಒಳಗೆ ಒತ್ತಡ ಏರುತ್ತಿದೆ, ಹೊರಗೆ ಒಂದು ಎಳೆ ಹಬೆಯೂ ಬರುತ್ತಿಲ್ಲ.

ಒಲೆಯ ಹತ್ತಿರ ಹೋಗುವ ಹಾಗಿಲ್ಲ. ಸಿಲಿಂಡರ್ ಹೊರಗಿದೆ. ಆದರೆ ಕಿತ್ತಳೆ ಬಣ್ಣದ ರಬ್ಬರ್ ಪೈಪು ಗೋಡೆಯ ತೂತಿನಿಂದ ಒಳಗೆ ಬಂದು ನೆಲದ ಮೇಲೆ ಹಾದು ಒಲೆ ಸೇರುತ್ತದೆ.

ಎದೆಯನ್ನು ನೆಲಕ್ಕೆ ಒತ್ತಿದೆ. ಗೋಡೆಯ ಬುಡಕ್ಕೆ ತೆವಳಿದೆ. ಪೈಪನ್ನು ಎರಡು ಮಡಿಕೆ ಮಾಡಿ ಕತ್ತು ಹಿಸುಕುವ ಹಾಗೆ ಹಿಸುಕಿದೆ.

ನೀಲಿ ಉರಿ ನಡುಗಿತು... ಕುಗ್ಗಿತು... ಆರಿತು!

ಮಡಿಕೆಗೆ ವೇಲ್ ಬಿಗಿದು ಕಟ್ಟಿದೆ. ಬಾಗಿಲ ಪಕ್ಕ ನಿಂತೆ. ಕೈಗೆ ಸಿಕ್ಕಿದ್ದು ಪೆಟ್ಟಿಗೆಯಿಂದ ತೆಗೆದ ಹೊಸ ಕುಕ್ಕರ್.

ಎಷ್ಟು ಹೊತ್ತಾದರೂ ಸದ್ದಿಲ್ಲ. ಕೆಂಪು ಟೀ ಶರ್ಟಿಗೆ ತಾಳ್ಮೆ ತಪ್ಪಿತು. ಚಿಲಕ ತೆಗೆದು ತಲೆ ಒಳಹಾಕಿದ.

"ಏನ್ಲಾ ಇದು, ಇನ್ನೂ—"

ಬೀಸಿದೆ.

ಆ ಬ್ರ್ಯಾಂಡು ಮೊದಲ ಬಾರಿಗೆ ಒಂದು ಕೆಲಸ ಸರಿಯಾಗಿ ಮಾಡಿತು.

ಅವನ ಜೇಬಿನಿಂದ ನನ್ನ ಫೋನ್, ಸ್ಕೂಟರಿನ ಕೀ ಕಿತ್ತುಕೊಂಡೆ. ಎರಡು ಹೊಸ ಮುಚ್ಚಳ ಬ್ಯಾಗಿಗೆ ತುರುಕಿದೆ. ಓಡುತ್ತಲೇ ಸ್ನೇಹಲತಾಗೆ ಫೋನ್ ಮಾಡಿದೆ.

"ಎಲ್ಲಿದೀಯಾ?"

"ಬಾಗೂರಲ್ಲೇ ಇವ್ನಿ ಮೇಡಂ, ಆಟೋ ಇಂದೆ. ಇಲ್ಲಿ ಅವ್ವ ಯಾರಿಗೂ ಗೊತ್ತಿಲ್ಲ. ಸತ್ತಿರಾದೂ ಗೊತ್ತಿಲ್ಲ. ಜನ ಮುಗಿಬಿದ್ದವ್ರೆ... ಬೇಗ ಬನ್ನಿ!"

ಹೆದ್ದಾರಿ. ಚನ್ನರಾಯಪಟ್ಟಣದ ದಿಕ್ಕು. ಕನ್ನಡಿಯಲ್ಲಿ ಬೈಕು. ಬೈಕಿನ ಮೇಲೆ ಕೆಂಪು ಟೀ ಶರ್ಟು, ಹಣೆಯಲ್ಲೂ ಕೆಂಪು!

ನನ್ನ ಸ್ಕೂಟರು ಎಷ್ಟು ತಿರುಚಿದರೂ ಅರವತ್ತು ದಾಟುವುದಿಲ್ಲ. ಅವನು ಪಕ್ಕಕ್ಕೆ ಬಂದ. ಕಾಲೆತ್ತಿ ಒದ್ದ. ಸ್ಕೂಟರು ಜಲ್ಲಿಗೆ ಇಳಿಯಿತು, ಹಾವಿನಂತೆ ಹರಿದು ಮತ್ತೆ ಡಾಂಬರಿಗೆ ಹತ್ತಿತು. ಮುಂದೆ ಟೋಲ್ ಗೇಟ್. ಅಲ್ಲಿ ಪೊಲೀಸ್ ಜೀಪು. ಜೀಪಿಗೆ ತಾಗುವಷ್ಟು ಹತ್ತಿರ ನಿಲ್ಲಿಸಿದೆ. ಅವನು ತಲೆ ತಗ್ಗಿಸಿ ನೇರ ಮುಂದಕ್ಕೆ ಹೋದ.

ಪೊಲೀಸರಿಗೆ ಎಲ್ಲ ಹೇಳಿದೆ. ಅವರು ಗೋಡೌನಿಗೆ ಜನ ಕಳಿಸುತ್ತೇವೆ, ಚನ್ನರಾಯಪಟ್ಟಣ ಸ್ಟೇಷನ್ನಿಗೂ ತಿಳಿಸುತ್ತೇವೆ ಎಂದರು. ಕಾಯಲು ನನಗೆ ಸಮಯವಿರಲಿಲ್ಲ. ಬಾಗೂರಿನಲ್ಲಿ ಕುಕ್ಕರ್‌ಗಳು ಕೈ ಬದಲಾಯಿಸುತ್ತಿದ್ದವು.

* * *

ಬಾಗೂರಿನ ಸಂತೆ. ಹಳದಿ ಆಟೋ. ಅದರ ಪಕ್ಕ ನಗುತ್ತಾ ನಿಂತ ಸುದರ್ಶನ್. ಕೆಂಪು ಟೀ ಶರ್ಟು ನನಗಿಂತ ಮೊದಲೇ ತಲುಪಿತ್ತು.

"ಬನ್ನಿ ಮೇಡಂ." ನಂತರ ಕಿವಿಯ ಬಳಿ, ಹಲ್ಲು ಕಚ್ಚಿ: "ಒಂದು ಮಾತಾಡಿದ್ರೂ ಹಾಸನಕ್ಕೆ ಆಂಬುಲೆನ್ಸಲ್ಲಿ ಹೋಗ್ತೀಯ."

ನಾನು ಬ್ಯಾಗಿನಿಂದ ಮುಚ್ಚಳ ತೆಗೆದು ಮೇಲೆತ್ತಿದೆ.

"ಅಮ್ಮಂದಿರೇ, ಕೇಳಿ! ಈ ಕುಕ್ಕರ್ ತಗೋಬೇಡಿ! ಈ ಗುಂಡಿ ನೂರ ನಲವತ್ತು ಡಿಗ್ರಿ ಒಳಗೆ ಕರಗಬೇಕು. ಇದು ಕರಗಲ್ಲ. ಕುಕ್ಕರ್ ಸಿಡಿಯುತ್ತೆ!"

ಮುಂದಿನ ಸಾಲಿನಲ್ಲಿದ್ದ ಮುದುಕಿಯೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಕೆಯ ಕಂಕುಳಲ್ಲಿ ಆಗಲೇ ಒಂದು ಹೊಸ ಕುಕ್ಕರ್. ಆಕೆಯ ಹೆಸರು ಸುಬ್ಬಮ್ಮ ಎಂದು ಆಮೇಲೆ ತಿಳಿಯಿತು.

"ಡಿಗ್ರಿ ಅಂದ್ರೆ ಜ್ವರದ್ದಾ?"

ಎಲ್ಲರೂ ನಕ್ಕರು.

"ನೀನು ಬ್ಯಾರೆ ಕಂಪ್ನಿಯೋಳಾ?"

"ಅಲ್ಲಮ್ಮ, ನಾನು—"

"ಓಗವ್ವ, ಸುಮ್ಕಿರು! ನೀನ್ಯಾರೋ, ಎತ್ತಲೋಳೋ. ಆವಮ್ಮ ನಮ್ಮಂಗೇ ಕಾಳು ಬೇಯ್ಸೋಳು. ಅವ್ಳಿಗೆ ಗೊತ್ತಿಲ್ದಿರಾದು ನಿಂಗ್ ಗೊತ್ತಾ?"

ಸುದರ್ಶನ್ ಕೈ ಕಟ್ಟಿ ನಿಂತ. ಅವನೂ ನನ್ನ ಹಾಗೆಯೇ ಜನರನ್ನು ಓದಿದವನು. ನನಗಿಂತ ಚೆನ್ನಾಗಿ ಓದಿದ್ದ.

ಸ್ಪೀಕರ್ ಮತ್ತೆ ಶುರುವಾಯಿತು.

*"ನಾನು ಹಳ್ಳಿಮೈಸೂರು ಕಮಲಾಕ್ಷಮ್ಮ. ಕುಕ್ಕರ್ ಚೆನ್ನಾಗೈತೆ..."*

ಕೋಳಿ ಅರ್ಧಕ್ಕೆ ನಿಂತಿತು. ರೆಕಾರ್ಡಿಂಗ್ ಅಲ್ಲೇ ಕಟ್ಟಾಯಿತು.

ದನಿ ಮಾತ್ರ ನಿಲ್ಲಲಿಲ್ಲ!

"...ಅಂತಾವ್ನೆ ಇವ್ನು. ನಂಗೊತ್ತಿಲ್ಲ. ಮೊದ್ಲು ನಾನು ಒಂದ್ ತಿಂಗ್ಳು ಬೇಯ್ಸಿ ನೋಡ್ತೀನಿ. ಆಮ್ಯಾಕೆ ನೀವೂ ತಗೊಳ್ರವ್ವಾ."

ಅದೇ ದನಿ. ಅದೇ ಎಳೆತ. ಹೆಂಗಸರು ತಲೆಯೆತ್ತಿ ಸ್ಪೀಕರನ್ನೇ ನೋಡಿದರು. ಸುದರ್ಶನನ ನಗು ಇದ್ದಲ್ಲೇ ಹೆಪ್ಪುಗಟ್ಟಿತು. ಆಟೋ ಓಡಿಸುವ ಗುಂಡಯ್ಯ ಸೀಟಿನಿಂದ ಇಳಿದು, ಬೆವರುತ್ತಾ, ಕೈ ಮುಗಿದು ನಿಂತಿದ್ದ. ಅವನ ಸೀಟಿನಲ್ಲಿ ಸ್ನೇಹಲತಾ. ಅವಳ ತುಟಿಯ ಬಳಿ ಮೈಕು.

"ಬೇಯ್ಸಿದೆ ಕಣ್ರವ್ವಾ," ಎಂದಿತು ಆ ದನಿ. "ತಿಂಗ್ಳು ತುಂಬ್ಲಿಲ್ಲ. ಸತ್ತೋದೆ."

ಇಡೀ ಸಂತೆಯಲ್ಲಿ ಈರುಳ್ಳಿ ಸುರಿಯುವ ಸದ್ದು ಕೂಡ ನಿಂತಿತು.

"ಬ್ಯಾಡಿ. ತಗೋಬ್ಯಾಡಿ. ತಗೊಂಡಿರೋರು ಒಲೆ ಮ್ಯಾಕಿಡ್ಬ್ಯಾಡಿ."

ಸುದರ್ಶನ್ ಆಟೋಗೆ ನುಗ್ಗಿದ. "ಮೈಕ್ ಆಫ್ ಮಾಡ್ಲಾ ಗುಂಡ!"

ಗುಂಡಯ್ಯ ಅಡ್ಡ ನಿಂತ. "ಆಗಕ್ಕಿಲ್ಲ ಸಾ. ದಿನಾ ಆವಮ್ಮನ್ನ ಒತ್ಕೊಂಡು ತಿರುಗ್ತಾವ್ನಿ. ನಂಗೂ ನಿದ್ದೆ ಬರಾಕಿಲ್ಲ. ಬೇಕಾದ್ರೆ ನೀವೇ ಓಡಿಸ್ಕೊಳಿ." ಆಟೋದ ಕೀ ಕಿತ್ತು ಸಂತೆಯ ಜನದ ನಡುವೆ ಎಸೆದುಬಿಟ್ಟ.

ಸುಬ್ಬಮ್ಮ ಕಂಕುಳಿನ ಕುಕ್ಕರನ್ನು ನೆಲಕ್ಕಿಟ್ಟಳು. ಮಲಗಿದ ಮಗುವನ್ನು ಇಳಿಸಿದ ಹಾಗೆ, ಮೆಲ್ಲಗೆ. ಎರಡು ಹೆಜ್ಜೆ ಹಿಂದೆ ಸರಿದಳು. ಪಕ್ಕದವಳೂ ಇಟ್ಟಳು. ಅವಳ ಪಕ್ಕದವಳೂ. ಯಾರೂ ಕಿರುಚಲಿಲ್ಲ. ಸುದರ್ಶನನ ಸುತ್ತ ಮಾತ್ರ ಜನರ ಸುತ್ತು ಬಿಗಿಯಾಯಿತು. ಕೆಂಪು ಟೀ ಶರ್ಟು ಬೈಕಿನ ಕಡೆ ಓಡಿತು, ಅಲ್ಲಿಯೂ ಒಂದು ಸುತ್ತು ಕಾಯುತ್ತಿತ್ತು. ಪೊಲೀಸರು ಬರುವ ತನಕ ಇಬ್ಬರನ್ನೂ ಯಾರೂ ಮುಟ್ಟಲಿಲ್ಲ. ಸುಮ್ಮನೆ ನೋಡುತ್ತಿದ್ದರು. ಹೊಡೆದಿದ್ದರೆ ಆ ಇಬ್ಬರಿಗೆ ಅಷ್ಟು ಭಯವಾಗುತ್ತಿರಲಿಲ್ಲ.

"ನೀನ್ಯಾರವ್ವ?" ಸುಬ್ಬಮ್ಮ ಸ್ನೇಹಲತಾಳ ಗಲ್ಲ ಹಿಡಿದಳು.

"ಅವ್ಳ ಮಗ್ಳು."

ಮುದುಕಿ ಅವಳ ತಲೆ ನೇವರಿಸಿದಳು. ಕಣ್ಣೊರೆಸಿಕೊಂಡಳು. ಆಮೇಲೆ ದನಿ ತಗ್ಗಿಸಿ ಕೇಳಿದಳು:

"ಅಂಗಾದ್ರೆ ಯಾವ್ ಕಂಪ್ನಿದು ತಗೊಳಾದು? ನೀನೇ ಯೋಳವ್ವ."

ಸುತ್ತಲಿನ ಹೆಂಗಸರೆಲ್ಲ ಕಿವಿಯಾದರು. ಸ್ನೇಹಲತಾ ನನ್ನತ್ತ ತಿರುಗಿದಳು. ಇಡೀ ದಿನದಲ್ಲಿ ಮೊದಲ ಸಲ ಅವಳ ಕಣ್ಣಲ್ಲಿ ಹೆದರಿಕೆ ಕಂಡಿತು. ತಾಯಿಯ ಬಾಯಿ ಮುಚ್ಚಿತ್ತು. ಕೈಗುಣ ಮಗಳ ತಲೆಯ ಮೇಲೆ ಬಂದು ಕುಳಿತಿತ್ತು.

ಅವಳು ಮೈಕನ್ನು ಸೀಟಿನ ಮೇಲಿಟ್ಟಳು. ಉತ್ತರ ಕೊಡದೆ ಇಳಿದು ನಡೆದಳು.

ಗೋಡೌನಿಗೆ ಬೀಗ ಬಿತ್ತು. ಮಾರಿದ ಕುಕ್ಕರ್‌ಗಳು ಒಂದೊಂದಾಗಿ ವಾಪಸ್ ಬರುತ್ತಿವೆ. ನನ್ನ ಮನೆಯಲ್ಲಿ ಹೊಸ ಕುಕ್ಕರ್ ಇಲ್ಲ. ಎದುರು ಮನೆಯಲ್ಲಿ ವಿಶಲ್ ಕೂಗುವ ಮೊದಲು ಒಂದು ಕ್ಷಣ ಸದ್ದು ತಡೆದರೂ ಸಾಕು, ಎದ್ದು ನಿಲ್ಲುತ್ತೇನೆ. ಆ ಅರ್ಧ ಕೋಳಿಗಾಗಿ ಕಾಯುತ್ತೇನೆ.

ಬಾಗೂರಿನಿಂದ ಬಂದ ಮರುದಿನ ಕೋಣೆಯಲ್ಲಿ ಎಣ್ಣೆ ಕಾಯಿಸಿದೆ. ಮುಚ್ಚಳದಿಂದ ಕಿತ್ತ ಗುಂಡಿಯನ್ನು ಅದರಲ್ಲಿ ಮುಳುಗಿಸಿ ಥರ್ಮಾಮೀಟರ್ ನೋಡುತ್ತಾ ಕುಳಿತೆ. ನೂರ ನಲವತ್ತು ದಾಟಿದರೂ ಕರಗಲಿಲ್ಲ. ರೇಡಿಯೋ ರಿಪೇರಿಯವನು ತಂತಿ ಬೆಸೆಯಲು ಬಳಸುವ ಮಾಮೂಲಿ ತವರ-ಸೀಸದ ಬೆಸುಗೆ ಅದರೊಳಗಿತ್ತು. ಅದು ಕರಗುವ ಬಿಸಿ ಎಷ್ಟೆಂದು ಸಂತೆಯಲ್ಲಿ ಯಾರೂ ಕೇಳಲಿಲ್ಲ. ಸುಬ್ಬಮ್ಮನಿಗೆ ಬೇಕಿರಲಿಲ್ಲ. ಕುಕ್ಕರ್ ಕೊಳ್ಳುವಾಗ ನಿಮಗೂ ಬೇಕಾಗುವುದಿಲ್ಲ.

183 ಡಿಗ್ರಿ ಸೆಲ್ಸಿಯಸ್.