ಎಂಜಿನ್ ಇಲ್ಲದ ಟ್ರಾಕ್ಟರ್

ನೇಗಿಲಿನಿಂದ ಶುರುವಾಗಿ ಈಗ ರೋಡ್ ರೋಲರ್ ತನಕ ಬೆಳೆದಿರುವ ನಮ್ಮ ಕಾರ್ಖಾನೆಯ ಮೊದಲ ಟ್ರಾಕ್ಟರನ್ನು ಪರೀಕ್ಷೆಗೆ ಓಡಿಸಿದವರು ನಮ್ಮಪ್ಪ. ಅದು ಮಗುಚಿಬಿದ್ದು, ಅದರಡಿಯಲ್ಲೇ ತೀರಿಕೊಂಡರು. ಆಮೇಲೆ ಎಂಜಿನ್ ಬಿಚ್ಚಿ, ಬರಿಯ ಮೈಯನ್ನು ಗೋದಾಮಿಗೆ ತಳ್ಳಿದ್ದರು.

ಕಾರ್ಖಾನೆಯ ಇತಿಹಾಸ ತೋರಿಸಲು ಒಂದು ಕೋಣೆ ಕಟ್ಟಿಸಿದಾಗ, ಆ ಟ್ರಾಕ್ಟರಿಗೆ ಬಣ್ಣ ಬಳಿದು ಅಲ್ಲಿ ನಿಲ್ಲಿಸಿದ್ದು ನಾನೇ, ನಾನಲ್ಲಿ ಫಿಟ್ಟರ್. ಉದ್ಘಾಟನೆಗೆ ಅಮ್ಮನನ್ನೂ ಕರೆದಿದ್ದರು. ಭಾಷಣಗಳು ಮುಗಿದು ಜನ ಊಟಕ್ಕೆ ಎದ್ದಾಗ ಅವಳನ್ನು ಒಳಗೆ ಕರೆದೊಯ್ದೆ.

ಡೀಸೆಲ್ ಹೊಗೆಯ ವಾಸನೆ ಬಂತು. ಸ್ಟೀರಿಂಗ್ ಸಣ್ಣಗೆ ನಡುಗುತ್ತಿತ್ತು. ಬಾನೆಟ್ ಮುಟ್ಟಿದರೆ ಕೈ ಚುರ್ ಎಂದಿತು. ಎತ್ತಿ ನೋಡಿದೆ. ಒಳಗೆ ಏನೂ ಇರಲಿಲ್ಲ, ಕೆಳಗಿನ ನೆಲ ಕಾಣುತ್ತಿತ್ತು.

"ಆಫ್ ಮಾಡೋ," ಅಂದಳು ಅಮ್ಮ, ದನಿ ಏರಿಸದೆ. "ಅವ್ರು ಹಾಗೇ ಬಿಟ್ಟು ಇಳಿದಿದ್ದಾರೆ."

"ಎಂಜಿನ್ನೇ ಇಲ್ವಲ್ಲಮ್ಮ."

"ಇಲ್ದಿದ್ರೆ ಬೇಡ. ನೀನು ಆಫ್ ಮಾಡು."

ಎಂಜಿನ್ ನಿಲ್ಲಿಸುವ ಹಿಡಿಯನ್ನು ಹೊರಕ್ಕೆಳೆದೆ. ಅದರ ತಂತಿಯನ್ನು ಯಾವುದಕ್ಕೂ ಜೋಡಿಸಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಡುಕ ನಿಂತಿತು. ಅಮ್ಮ ಸೀಟನ್ನು ಒಮ್ಮೆ ಸವರಿ ಹೊರಗೆ ಹೋದಳು. ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ನಾನೇ ಇಟ್ಟುಕೊಂಡೆ.

ಮರುದಿನ ಬಾಗಿಲು ತೆಗೆದಾಗ ಹಿಡಿ ಮತ್ತೆ ಒಳಗೆ ಹೋಗಿತ್ತು. ಬಾನೆಟ್ ಬಿಸಿಯಾಗಿತ್ತು.