ತಮ್ಮನ ಮಹಲಿನ ಅತಿಥಿ

ಅಕ್ಕ ಹುಟ್ಟಿದ ಕೋಣೆಗೆ ಏಳನೇ ನಂಬರ್ ಹಾಕಿ, ಬೀಗದ ಕೈಯನ್ನು ಕೌಂಟರಿನ ಮೇಲಿಟ್ಟು "ಇಲ್ಲೊಂದು ಸಹಿ ಹಾಕಕ್ಕ" ಅಂದ ತಮ್ಮನನ್ನು ಸೊಲಾಂಜ್ ಕ್ಷಮಿಸಲಿಲ್ಲ. ಪಾಲಾದಾಗ ನಾನೂರು ವರ್ಷದ ಮಹಲು ತಮ್ಮ ಗೊಂಟ್ರಾನನಿಗೆ ಹೋಗಿ, ಪ್ಯಾರಿಸಿನ ಎರಡು ಕೋಣೆಯ ಮನೆ ಅವಳಿಗೆ ಬಂದಿತ್ತು. ಅವನೋ ಮಹಲನ್ನು ಹೋಟೆಲು ಮಾಡಿ ಕೂತಿದ್ದ.

"ಟವೆಲು ಎಣಿಸಿಟ್ಟಿದೀವಿ. ದಾರಿ ತಪ್ಪಿ ನಿನ್ನ ಸೂಟ್‌ಕೇಸಿಗೆ ಹೋದಾವು," ಎಂದು ನಗಾಡಿದ ಬೇರೆ.

ಅವನಿಗಿನ್ನೂ ಮದುವೆಯಾಗಿರಲಿಲ್ಲ. ಈಗ ಸತ್ತರೆ ಮಹಲು ಅಕ್ಕನದು. ಆದರೆ ಜೂನಿನಲ್ಲಿ ಐವತ್ತೆಂಟರ ಈ ಮದುಮಗ ಹಲ್ಲಿನ ಡಾಕ್ಟರಮ್ಮನೊಬ್ಬಳನ್ನು ಕಟ್ಟಿಕೊಳ್ಳುವವನಿದ್ದ. ಆಮೇಲೆ ಮಹಲಿನ ಆಸೆ ಬಿಟ್ಟಂತೆಯೇ. ಆದ್ದರಿಂದ ಸೊಲಾಂಜ್ ಏಪ್ರಿಲ್ ತಿಂಗಳನ್ನು ಆರಿಸಿಕೊಂಡಳು. ಈಸ್ಟರ್ ವಾರ ಹೋಟೆಲು ಭರ್ತಿ. ಊಟದ ಮನೆಯಲ್ಲಿ ಎಷ್ಟು ಜನವೋ ಅಷ್ಟು ಸಾಕ್ಷಿ.

ಉಪಾಯ ಸರಳವಾಗಿತ್ತು. ದಿನವೂ ಹನ್ನೆರಡಕ್ಕೆ ಕಾಲು ಗಂಟೆ ಇರುವಾಗ ಗೊಂಟ್ರಾನ್ ಹಿಂದಿನ ಕಂದಕದ ಪಾಚಿಗಟ್ಟಿದ ಮೆಟ್ಟಿಲಲ್ಲಿ ನಿಂತು ಮೀನುಗಳಿಗೆ ಬ್ರೆಡ್ಡು ಹಾಕುತ್ತಿದ್ದ. ಅವನಿಗೆ ಈಜು ಬಾರದು. ಆ ಕಡೆ ಕಿಟಕಿಗಳಿಲ್ಲ. ಕೆಲಸದವರ ಮೆಟ್ಟಿಲು ಹತ್ತಿದರೆ ಕೋಣೆಗೆ ಮೂರೇ ನಿಮಿಷ; ಸೋಮವಾರದಿಂದ ಅಳೆದು ನೋಡಿದ್ದಳು.

ಶುಕ್ರವಾರ ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಒಂದೇ ನೂಕು. ನೀರು ಸುಮ್ಮನಾಗುವವರೆಗೆ ನಿಂತು, ಕೋಣೆಗೆ ಹೋಗಿ ಬೂಟಿನ ಪಾಚಿ ಒರೆಸಿ, ಹನ್ನೆರಡೂ ಐದಕ್ಕೆ ಊಟದ ಮೇಜಿನಲ್ಲಿದ್ದಳು. ಮೀನು ಚೆನ್ನಾಗಿತ್ತು, ಎರಡು ಸಲ ಬಡಿಸಿಕೊಂಡಳು. ಮೂರರವರೆಗೆ ಜನರ ನಡುವಿನಿಂದ ಕದಲಲಿಲ್ಲ. ಮೂರಕ್ಕೆ ತೋಟದವನು ಹೆಣ ಕಂಡ.

ಬಂದ ಪೊಲೀಸಿನವಳು ಅದೇ ಊರಿನ ಹೆಂಗಸು, ಬರವಣಿಗೆ ನಿಧಾನ. ಹನ್ನೆರಡರವರೆಗೆ ತಮ್ಮ ಬದುಕಿದ್ದನೆಂದು ಅವಳು ನಂಬಿದರೆ ಸಾಕಾಗಿತ್ತು. ಕೈಗಡಿಯಾರ ಹಿಂದೆ ಮುಂದೆ ಓಡಬಹುದು, ಚರ್ಚಿನ ಗಂಟೆಯನ್ನು ಯಾರು ಅನುಮಾನಿಸುತ್ತಾರೆ? ನಾಲ್ಕು ದಿನವೂ ಹನ್ನೆರಡಕ್ಕೆ ಅದು ತಪ್ಪದೆ ಹೊಡೆದಿತ್ತು.

"ಹನ್ನೆರಡರ ಗಂಟೆ ಹೊಡೀತಿತ್ತು," ಎಂದಳು ಸೊಲಾಂಜ್, ಕಣ್ಣೊರೆಸಿಕೊಂಡು. "ನನ್ನ ಕೋಣೆ ಕಿಟಕಿ ಕೆಳಗೆ ನಿಂತು ಕೂಗಿದ ಪಾಪ, 'ಗಂಟೆ ಕೇಳಿಸ್ಲಿಲ್ವಾ ಅಕ್ಕಾ, ಊಟಕ್ಕೆ ಬಾ' ಅಂತ. ಹನ್ನೆರಡೂ ಎಣಿಸ್ಕೊಂಡೇ ಕೆಳಗಿಳಿದೆ."

ಪೊಲೀಸಿನವಳು ಅಷ್ಟನ್ನೂ ಬರೆದುಕೊಂಡು, ಓದಿ ಹೇಳಿ, ಸಹಿ ಹಾಕಿಸಿಕೊಂಡು, ಪೆನ್ನಿನ ಮುಚ್ಚಳ ಹಾಕಿದಳು. "ಇವತ್ತು ಗುಡ್ ಫ್ರೈಡೇ ಅಲ್ವಾ ಮೇಡಂ," ಎಂದಳು. "ನಿನ್ನೆ ಸಂಜೆ ಪೂಜೆ ಆದ್ಮೇಲೆ ನಮ್ಮೂರಲ್ಲಿ ಗಂಟೆ ನಿಲ್ಲಿಸಿದ್ರು. ಈಸ್ಟರಿಗೆ ಏಸು ಎದ್ದು ಬರೋವರೆಗೂ ಒಂದು ಏಟೂ ಹೊಡೆಯಲ್ಲ."