ಬೇರುಗಳ ಸೂರು

ಬೆಟ್ಟಗಳು ಇನ್ನೂ ಮನುಷ್ಯರ ಕೂಗಿಗೆ ಓಗೊಡುತ್ತಿದ್ದ ಕಾಲದಲ್ಲಿ ಸುಳಿನಾಡು ಎಂಬ ರಾಜ್ಯವಿತ್ತು. ಆ ರಾಜ್ಯದ ಮೇಲೆ ತಾಮ್ರಾಕ್ಷನೆಂಬ ಮಾಯಾವಿಯ ಕಣ್ಣು ಬಿತ್ತು. ಇದು ಬರೀ ಮಾತಲ್ಲ. ಅವನ ಹಣೆಯಲ್ಲಿ ನಿಜವಾಗಿಯೂ ತಾಮ್ರದ ಕಣ್ಣೊಂದಿತ್ತು. ಕಂಚಿನ ಹದ್ದಿನ ಮೇಲೆ ಕೂತು ಆಕಾಶದಲ್ಲಿ ಸುತ್ತುತ್ತಿದ್ದ. ಆ ಕಣ್ಣಿಗೆ ಕಂಡವರು ನಿಂತಲ್ಲೇ ತಾಮ್ರದ ಬೊಂಬೆಯಾಗುತ್ತಿದ್ದರು. ಹೆಂಚಾಗಲಿ, ಕಲ್ಲಾಗಲಿ, ಚಿನ್ನದ ತಗಡಾಗಲಿ, ಎಲ್ಲ ಸೂರನ್ನೂ ಅದು ತೂರಿ ನೋಡುತ್ತಿತ್ತು.

ಅವನು ಮೊದಲ ಸಲ ಬಂದ ದಿನ ಅರಸ ಸಿಂಹಾಸನದ ಮೇಲೇ ತಾಮ್ರವಾದ. ಅರಮನೆಯ ತೋಟಗಾರ ಹಾಲಪ್ಪ ಗುದ್ದಲಿ ಎತ್ತಿದವನು ಹಾಗೇ ತಾಮ್ರವಾದ. ಅವನ ಮಗಳು ಕಣಗಿಲೆ ಎರಡು ಮಾರು ದೂರದಲ್ಲಿ ಹೀರೆಚಪ್ಪರದಡಿ ಕಳೆ ಕೀಳುತ್ತಿದ್ದಳು. ಅವಳಿಗೆ ಏನೂ ಆಗಲಿಲ್ಲ. ಅಪ್ಪನ ತಣ್ಣನೆಯ ಕೈ ಹಿಡಿದುಕೊಂಡು ಅತ್ತಳು. ಅಳು ನಿಂತ ಮೇಲೆ ತಲೆಯೆತ್ತಿ ಚಪ್ಪರ ನೋಡಿದಳು.

ವಾರದ ಮೇಲೆ ರಾಣಿ ಸೋಮಲೆ ಗಂಡುಮಗು ಹೆತ್ತಳು. ಸುದ್ದಿ ಕೇಳಿ ತಾಮ್ರಾಕ್ಷ ಹಣೆಯ ಕಣ್ಣು ಮುಚ್ಚಿಕೊಂಡು ಅರಮನೆಯ ಮೇಲೆ ಬಂದು ಗಹಗಹಿಸಿದ.

"ಹನ್ನೆರಡನೆಯ ದಿನ, ಹೆಸರಿಡುವ ಹೊತ್ತಿಗೆ ಬರುತ್ತೇನೆ. ಮಗುವನ್ನು ಎಲ್ಲಿ ಬೇಕಾದರೂ ಬಚ್ಚಿಡಿ! ನೆತ್ತಿಯ ಸೂರ್ಯ ವಾಲುವುದರೊಳಗೆ ಅದು ನನಗೆ ಕಾಣದಿದ್ದರೆ, ಈ ಕಣ್ಣು ನನ್ನನ್ನೇ ನೋಡಲಿ!"

ಮಂತ್ರಿಗಳು ನೆಲಮಾಳಿಗೆ ಎಂದರು, ಗುಹೆ ಎಂದರು. ರಾಣಿ ಬೇಡವೆಂದು ತಲೆಯಾಡಿಸಿದಳು. ಆಗ ಕಣಗಿಲೆ ಬಾಗಿಲಲ್ಲಿ ಕೈಮುಗಿದು ನಿಂತಳು.

"ತಾಯೀ, ಅವನ ಕಣ್ಣು ಜೀವ ಇಲ್ಲದ್ದನ್ನು ತೂರುತ್ತದೆ. ಜೀವ ಇರುವುದನ್ನು ತೂರುವುದಿಲ್ಲ. ನಾನು ಉಳಿದದ್ದೇ ಹಾಗೆ."

"ಹಾಗಾದರೆ ಮಗುವನ್ನು ಚಪ್ಪರದಡಿ ಮಲಗಿಸಲೇನೇ?"

"ಸಾಲದು, ತಾಯೀ. ಅವತ್ತು ಅವನು ನನ್ನನ್ನು ಹುಡುಕುತ್ತಿರಲಿಲ್ಲ. ಹುಡುಕುವವನಿಗೆ ಎಲೆಗಳ ನಡುವಿನ ಸಂದು ಸಾಕು. ತೋಟದಲ್ಲಿ ಗುದ್ದಲಿ ಬುಟ್ಟಿ ಇಡುವ ನಮ್ಮ ಗುಡಿಸಲಿದೆಯಲ್ಲ, ಅದರ ಗೋಡೆ ತುಂಬ ಬಳ್ಳಿ ಸಂದಿಲ್ಲದೆ ಹಬ್ಬಿದೆ. ಸೂರಿನ ಮೇಲೂ ಮಣ್ಣು ಹಾಸಿ ಹಸಿರು ಬೆಳೆಸುತ್ತೇನೆ. ಬೇರಿಗೆ ಬೇರು ಹೆಣೆದುಕೊಂಡರೆ ಸಂದಿರುವುದಿಲ್ಲ."

ರಾಣಿ ಮಗುವಿನ ಮುಖ ನೋಡಿದಳು, ತೋಟದ ಹುಡುಗಿಯ ಮುಖ ನೋಡಿದಳು. "ಮಾಡು ಮಗಳೇ," ಎಂದಳು.

ಕಣಗಿಲೆ ಗುಡಿಸಲಿನ ಸೋಗೆ ಕಿತ್ತು, ಹಲಗೆ ಹಾಸಿ, ಮಣ್ಣು ಹೊತ್ತು ಹಾಕಿದಳು. ಸಂಜೆ ನೀರು ಚಿಮುಕಿಸಿದಳು. ನೆನೆದ ಮಣ್ಣಿನ ಭಾರಕ್ಕೆ ತೊಲೆ ಲಟಕ್ಕೆಂದು ಮುರಿದು ಸೂರೆಲ್ಲ ಒಳಗೆ ಕುಸಿಯಿತು. ಒಂದು ಗೇಣು ಆಚೆ ನಿಂತಿದ್ದರೆ ಅವಳ ಕತೆ ಅಲ್ಲೇ ಮುಗಿಯುತ್ತಿತ್ತು.

ಬೆಳಗಾಗುತ್ತಲೇ ಎತ್ತಿನ ಗಾಡಿ ಹೂಡಿಕೊಂಡು ಮತ್ತಿಮರಗಳ ಕಾಡಿಗೆ ಹೋದಳು. ಕಬ್ಬಿಣದ ದಂತದ ಆನೆ ಅಡ್ಡ ನಿಂತಿತು.

"ನಿಂತ ಮರ ಮುಟ್ಟಿದರೆ ತುಳಿಯುತ್ತೇನೆ. ಬಿದ್ದ ಮರ ಬೇಕಾದರೆ ಆರಿಸಿಕೋ. ಆರಿಸಿದ್ದರ ಅಡಿಯಲ್ಲಿ ಮಲಗು. ನಾನು ಅದರ ಮೇಲೆ ಕಾಲಿಡುತ್ತೇನೆ."

ಕಣಗಿಲೆ ಒಂದೊಂದು ಮರವನ್ನೂ ಕೊಡಲಿಯ ಹಿಂಬದಿಯಿಂದ ತಟ್ಟಿ ಕಿವಿಗೊಟ್ಟಳು. ಒಂದು ಬೊದ್ದೆಂದಿತು, ಒಂದು ಟೊಳ್ಳೆಂದಿತು. ಒಂದು ಮಾತ್ರ ಗಂಟೆಯ ಹಾಗೆ ಠಣ್ಣೆಂದಿತು. ಅದರ ಎರಡು ತುದಿಗೆ ಕಲ್ಲು ಕೊಟ್ಟು, ಕೆಳಗೆ ಅಂಗಾತ ಮಲಗಿ, ಕಣ್ಣು ಮುಚ್ಚಿದಳು. ಆನೆ ಒಂದು ಕಾಲಿಟ್ಟಿತು. ಮರ ನರಳಿತು. ಎರಡನೆಯ ಕಾಲಿಟ್ಟಿತು. ತೊಗಟೆಯ ಪುಡಿ ಅವಳ ಹಣೆಯ ಮೇಲೆ ಉದುರಿತು. ಮರ ಮುರಿಯಲಿಲ್ಲ.

"ಎದ್ದೇಳು," ಎಂದಿತು ಆನೆ. ಆ ಮರವನ್ನೂ ಅದರಂಥ ಇನ್ನೂ ನಾಲ್ಕನ್ನೂ ತಾನೇ ಸೊಂಡಿಲಲ್ಲಿ ಎತ್ತಿ ಗಾಡಿಗೆ ಹಾಕಿತು.

ತೊಲೆ ನಿಂತಿತು. ಆದರೆ ಮಣ್ಣಿನ ನೀರು ಹಲಗೆಗೆ ಇಳಿದರೆ ಹಲಗೆ ಕೊಳೆಯುತ್ತದೆ, ಮಗುವಿನ ಮೇಲೆ ತೊಟ್ಟಿಕ್ಕುತ್ತದೆ. ಅದಕ್ಕೆ ಮೇಣ ಬೇಕು. ಕಡಿದಾದ ಬಂಡೆಯಲ್ಲಿ ಮಾತಾಡುವ ಹೆಜ್ಜೇನು ಕಟ್ಟಿತ್ತು. ಕಣಗಿಲೆ ಹೊಗೆ ಹಾಕದೆ ಹಗ್ಗ ಹಿಡಿದು ಇಳಿದಳು. ಸಾವಿರ ಹುಳುಗಳು ಅವಳ ಮುಖದ ಮೇಲೆ, ರೆಪ್ಪೆಯ ಮೇಲೆ, ತುಟಿಯ ಮೇಲೆ ಹರಿದಾಡಿದವು. "ಕದಲಿದೆಯೋ ಸತ್ತೆ," ಎಂದು ಗುಂಯ್‌ಗುಟ್ಟಿದವು. ಅವಳು ಕದಲಲಿಲ್ಲ. ಕೈ ಮರಗಟ್ಟಿತು, ಹಗ್ಗ ಅಂಗೈ ಕೊಯ್ಯಿತು, ಆದರೂ ಕದಲಲಿಲ್ಲ. ಕೊನೆಗೆ ಹುಳುಗಳು ಎದ್ದುಹೋಗಿ ಹಳೆಯ ಮೇಣದ ಗೂಡನ್ನು ಅವಳಿಗೆ ಬಿಟ್ಟವು.

ದಪ್ಪ ಬಟ್ಟೆಗೆ ಮೇಣ ಕುಡಿಸಿ ಇಳಿಜಾರಾಗಿ ಹಾಸಿದಳು. ಅದರ ಮೇಲೆ ನೀರು ಹರಿದುಹೋಗಲು ಸಣ್ಣ ಜಲ್ಲಿ, ಜಲ್ಲಿಯ ಮೇಲೆ ನಾಲ್ಕು ಬೆರಳು ದಪ್ಪ ಹಗುರ ಮಣ್ಣು. ಮಣ್ಣು ಜಾರದಂತೆ ಅಂಚಿಗೆ ಪಟ್ಟಿ ಹೊಡೆದಳು. ಅರಮನೆಯ ಮಲ್ಲಿಗೆ, ಚೆಂಡುಹೂವು ತಂದು ನೆಟ್ಟಳು. ಎರಡೇ ದಿನದ ಬಿಸಿಲಿಗೆ ಎಲ್ಲ ಸುಟ್ಟು ಸುಣ್ಣವಾಯಿತು.

ಒಂಬತ್ತು ದಿನ ಕಳೆದಿತ್ತು. ತೆಳ್ಳಗಿನ ಮಣ್ಣಿನಲ್ಲಿ ಬದುಕುವ ಹಸಿರು ಬಂಡೆಯ ಮೇಲಿನ ಹಸಿರೇ ಎಂದು ಅವಳು ಬೋಳುಗುಡ್ಡಕ್ಕೆ ಓಡಿದಳು. ಅಲ್ಲಿ ಗುಡ್ಡದಷ್ಟೇ ದೊಡ್ಡ ಕಲ್ಲಾಮೆ ಮಲಗಿತ್ತು. ಅದರ ಬೆನ್ನಿನ ತುಂಬ ದಪ್ಪೆಲೆಯ ಕಿರುಗಿಡ, ಗರಿಕೆ, ಹಾವಸೆ ಹೆಣೆದುಕೊಂಡಿದ್ದವು.

ಆಮೆ ಒಂದು ಕಣ್ಣು ತೆರೆಯಿತು. "ಇದು ನೂರು ಬರ ಕಂಡ ಹಸಿರು. ಬಾಚಿಕೊಳ್ಳಲು ಬಂದವರನ್ನೆಲ್ಲ ನುಂಗಿದ್ದೇನೆ. ನೀನೆಷ್ಟು ಒಯ್ಯುತ್ತೀ?"

"ಒಂದು ಪಟ್ಟಿ ತೆಗೆದು ಒಂದು ಪಟ್ಟಿ ಬಿಡುತ್ತೇನಜ್ಜಾ. ಬಿಟ್ಟದ್ದು ಮಳೆಗಾಲಕ್ಕೆ ಹಬ್ಬಿ ಕೂಡಿಕೊಳ್ಳುತ್ತದೆ."

"ನಿನ್ನ ಸೂರಿಗೆ ಅದು ಸಾಲದಿದ್ದರೆ?"

"ಸಾಲದಿದ್ದರೂ ಅಷ್ಟೇ," ಎಂದಳು.

ಆಮೆ ಕಣ್ಣು ಮುಚ್ಚಿತು. ಅವಳು ಚಾಪೆ ಸುತ್ತುವ ಹಾಗೆ ಬೇರುಸಮೇತ ಪಟ್ಟಿಗಳನ್ನು ಸುತ್ತಿ ತಂದು, ಸೂರಿನ ಮೇಲೆ ಬಿಚ್ಚಿ, ತಟ್ಟಿ ಕೂರಿಸಿ, ನೀರುಣಿಸಿದಳು. ಹನ್ನೆರಡನೆಯ ದಿನದ ಬೆಳಿಗ್ಗೆ ಸೂರೆಲ್ಲ ಹಸಿರು. ಒಂದು ಮೂಲೆಯಲ್ಲಿ ಮಾತ್ರ ಅಂಗೈಯಗಲ ಜಾಗ ಬೋಳು. ಪಟ್ಟಿ ಅಲ್ಲಿಗೆ ಸಾಲದೆ ಬಂದಿತ್ತು. ಇನ್ನೊಮ್ಮೆ ಬೋಳುಗುಡ್ಡಕ್ಕೆ ಹೋಗಿಬರಲು ಹೊತ್ತಿರಲಿಲ್ಲ.

ಕಣಗಿಲೆ ಆ ಮೂಲೆಯ ಹಲಗೆ ತೆಗೆದು, ಮೇಣದ ಬಟ್ಟೆ ಕೊಯ್ದು, ತೂತು ಮಾಡಿದಳು. ರಾಣಿಯನ್ನೂ ಮಗುವನ್ನೂ ಒಳಗೆ ಕರೆದು, ಬಾಗಿಲು ಹಾಕಿ, ಅದರ ಮೇಲೂ ಬಳ್ಳಿ ಎಳೆದು ಮುಚ್ಚಿಸಿದಳು. ಆ ತೂತಿನ ಕೆಳಗೆ ಬುಟ್ಟಿ ಬೋರಲು ಹಾಕಿ ಹತ್ತಿ ನಿಂತಳು.

"ಏನು ಮಾಡುತ್ತೀಯೇ?" ಎಂದಳು ರಾಣಿ.

"ನಾನೂ ಜೀವ ಇರುವವಳೇ ಅಲ್ಲವೇ, ತಾಯೀ," ಎಂದು ಕಣಗಿಲೆ ಬಲಗೈಯನ್ನು ಆ ತೂತಿಗೆ ಒತ್ತಿಟ್ಟಳು.

ಕಂಚಿನ ರೆಕ್ಕೆಯ ಸದ್ದು ಬಂತು. ತಾಮ್ರಾಕ್ಷ ಅರಮನೆ ನೋಡಿದ, ಗುಹೆ ನೋಡಿದ, ಬಾವಿ ನೋಡಿದ. ಸೂರ್ಯ ನೆತ್ತಿಗೆ ಬಂದ. ಅಷ್ಟರಲ್ಲಿ ಮಗು ಕಿಟಾರನೆ ಕಿರುಚಿತು. ರಾಣಿ ಎದೆಗೆ ಅವಚಿಕೊಂಡಳು, ಆದರೆ ಹದ್ದು ತಿರುಗಿಯಾಗಿತ್ತು.

"ಇಲ್ಲೇ ಇದೆ!" ತಾಮ್ರಾಕ್ಷ ಕೆಳಗಿಳಿದ. ಅವನಿಗೆ ಕಂಡದ್ದು ಹುಲ್ಲು. ಕಣ್ಣರಳಿಸಿ ಹುಲ್ಲನ್ನೇ ದಿಟ್ಟಿಸಿದ. ಗರಿಕೆಯ ತುದಿ ಕಂದಿತು. ಹಾವಸೆ ಮುದುಡಿತು. ದಪ್ಪೆಲೆಯ ಗಿಡಗಳು ತಮ್ಮೊಳಗಿನ ನೀರನ್ನು ಬಿಗಿಹಿಡಿದು ಸುಮ್ಮನೆ ನಿಂತವು. ಕಣಗಿಲೆಯ ಅಂಗೈ ಕಾದ ಹೆಂಚಿನ ಮೇಲಿಟ್ಟಂತೆ ಉರಿಯಿತು, ಆಮೇಲೆ ತಣ್ಣಗಾಯಿತು. ಬೆರಳು ತಾಮ್ರವಾಯಿತು. ಅಂಗೈ ತಾಮ್ರವಾಗತೊಡಗಿತು. ಜೀವವಿಲ್ಲದ ತಾಮ್ರ ಅಂಗೈಯ ದಪ್ಪವನ್ನೆಲ್ಲ ದಾಟಿದರೆ ಅವನ ನೋಟ ಒಳಗೆ ಬೀಳುತ್ತದೆಂದು ಅವಳಿಗೆ ಗೊತ್ತಿತ್ತು. ತೋಳಿನ ನೆತ್ತರನ್ನೆಲ್ಲ ಅಂಗೈಗೆ ನೂಕುವವಳಂತೆ ಹಲ್ಲು ಕಚ್ಚಿ ಮೇಲಕ್ಕೆ ಒತ್ತಿದಳು.

"ತಾಯೀ, ಇನ್ನೆಷ್ಟು ಹೊತ್ತು?"

ರಾಣಿ ಬಾಗಿಲಡಿಯ ಸಂದಿಯಲ್ಲಿ ಹೊರಗಿನ ಕಂಬದ ನೆರಳು ನೋಡಿದಳು. "ತಡಿ ಮಗಳೇ... ತಡಿ... ವಾಲಿತು! ನೆರಳು ವಾಲಿತು!"

ಮೇಲೆ ಒಂದು ಚೀತ್ಕಾರ ಕೇಳಿಸಿತು. ತಾಮ್ರದ ಕಣ್ಣು ಒಳಮುಖವಾಗಿ ತಿರುಗಿ, ತನ್ನ ಒಡೆಯನನ್ನೇ ನೋಡಿತು. ತಾಮ್ರಾಕ್ಷ ಹದ್ದಿನ ಸಮೇತ ತಾಮ್ರದ ಗಟ್ಟಿಯಾಗಿ ತೋಟದ ಕಾಲುವೆಗೆ ಬಿದ್ದ. ಬಿದ್ದೇಟಿಗೆ ಆ ಕಣ್ಣು ಒಡೆದು ಚೂರಾಯಿತು.

ಹಾಲಪ್ಪ ಎತ್ತಿದ ಗುದ್ದಲಿಯನ್ನು ಇಳಿಸಿ, "ಕಣಗಿಲೇ, ಸೂರಿನ ಮೇಲೆ ಯಾರೇ ಹುಲ್ಲು ನೆಟ್ಟವರು?" ಎಂದ. ಅರಸ ಸಿಂಹಾಸನದಿಂದೆದ್ದು ಮಗುವನ್ನು ಹುಡುಕಿಕೊಂಡು ಬರಿಗಾಲಲ್ಲಿ ತೋಟಕ್ಕೆ ಓಡಿಬಂದ. ಕಣಗಿಲೆಯ ಕೈಗೆ ಬಿಸಿ ಬಂತು. ಕಿರುಬೆರಳ ಉಗುರು ಮಾತ್ರ ತಾಮ್ರವಾಗೇ ಉಳಿಯಿತು.

ಮಳೆ ಬಂದಾಗ ಸೂರು ಹೂಬಿಟ್ಟಿತು. ಹಕ್ಕಿಗಳು ಅರಳಿಬೀಜ ಉದುರಿಸಿ ಹೋಗುತ್ತಿದ್ದವು. ಆ ಸಸಿ ಬೇರೂರಿದರೆ ಮೇಣದ ಬಟ್ಟೆ ಸೀಳುತ್ತದೆಂದು ಕಣಗಿಲೆ ತಿಂಗಳಿಗೊಮ್ಮೆ ಹತ್ತಿ ಕೀಳುತ್ತಿದ್ದಳು. ಅವಳು ಹತ್ತಿದಾಗ ಏಣಿ ಹಿಡಿಯುವುದು ಅರಸನ ಕೆಲಸ. ಸುಳಿನಾಡಿನವರು ಉಂಡು, ಉಟ್ಟು, ಆಕಾಶ ನೋಡಿಕೊಂಡು ಅಂಗಳದಲ್ಲಿ ಮಲಗಿ, ನೂರುಕಾಲ ಸುಖವಾಗಿ ಬಾಳಿದರು.